12 ಎಕರೆ 19 ಆದದ್ದು ಹೇಗೆ? ಐರ್ಲೆಂಡಿನ ದಶಾಂಶ ಪುಸ್ತಕದಲ್ಲಿ ಪೂರ್ವಿಕರ ಜಾಡು

ಪ್ರಶ್ನೆ: ನಾನು ಮೈಸೂರಿನವಳು, ಬಾಸ್ಟನ್ನಿನಲ್ಲಿ ನೆಲೆಸಿದ್ದೇನೆ. ಗಂಡನ ಮನೆಯವರು ಐರ್ಲೆಂಡ್ ಮೂಲದ ಕ್ಯಾಥೊಲಿಕರು, ರಯಾನ್ ಮನೆತನ. ಅವರ ಪೂರ್ವಿಕ ಮೈಕೆಲ್ 1851ರಲ್ಲಿ ಇಲ್ಲಿಗೆ ಬಂದರು. ಗೋರಿಕಲ್ಲಿನ ಮೇಲೆ 'ಟಿಪ್ಪರೆರಿ' ಎಂದು ಕೌಂಟಿಯ (ಅಲ್ಲಿನ ಜಿಲ್ಲೆಯ) ಹೆಸರಷ್ಟೇ ಇದೆ. ಮದುವೆಯ ದಾಖಲೆಯಲ್ಲಿ ತಂದೆ ಥಾಮಸ್, ತಾಯಿ ಬ್ರಿಜೆಟ್ ಡ್ವೈಯರ್. ಅಂತರ್ಜಾಲದಲ್ಲಿ ಹುಡುಕಿದಾಗ 1827ರ ದಶಾಂಶ ಪುಸ್ತಕದಲ್ಲಿ (ಚರ್ಚಿಗೆ ಕೊಡಬೇಕಿದ್ದ 'ಟೈದ್' ತೆರಿಗೆಯ ಪಟ್ಟಿ) ಒಬ್ಬ ಥಾಮಸ್ ರಯಾನ್ ಸಿಕ್ಕಿದ, 12 ಎಕರೆ. ಅದೇ ಊರಿನ 1850ರ ಗ್ರಿಫಿತ್ ದಾಖಲೆಯಲ್ಲಿ (ತೆರಿಗೆಗಾಗಿ ಹಿಡುವಳಿಗಳಿಗೆ ಬೆಲೆ ಕಟ್ಟಿದ ಪುಸ್ತಕ) ಥಾಮಸ್ ರಯಾನ್‌ಗೆ 19 ಎಕರೆ ಚಿಲ್ಲರೆ ಇದೆ. 'ಮಹಾಕ್ಷಾಮದಲ್ಲಿ ಊರು ಸಾಯುತ್ತಿದ್ದಾಗ ನಮ್ಮವರು ಪಕ್ಕದವರ ಜಮೀನು ನುಂಗಿದರು ಅಂತಾಯ್ತಲ್ಲ' ಎಂದು ಮಾವನವರು ನೊಂದುಕೊಂಡಿದ್ದಾರೆ. ನೆಂಟರೊಬ್ಬರು 1922ರಲ್ಲಿ ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋದವು, ಇದೆಲ್ಲ ಸುಳ್ಳು ಎನ್ನುತ್ತಾರೆ. ಇನ್ನೊಬ್ಬರು ದಶಾಂಶ ಪ್ರಾಟೆಸ್ಟೆಂಟ್ ಚರ್ಚಿನದು, ಅದರಲ್ಲಿ ಕ್ಯಾಥೊಲಿಕರ ಹೆಸರು ಹೇಗೆ ಬಂತು ಎಂದು ಕೇಳುತ್ತಾರೆ. ಒಂದು ಸಂಸ್ಥೆ 900 ಡಾಲರಿಗೆ ಪೂರ್ತಿ ವಂಶವೃಕ್ಷ ಮಾಡಿಕೊಡುತ್ತೇವೆ ಎನ್ನುತ್ತಿದೆ. ಏನು ಮಾಡಲಿ? (ವ್ಯಕ್ತಿಗಳ ಹೆಸರು ಬದಲಿಸಲಾಗಿದೆ.)

ಉತ್ತರ: ಮೊದಲು ಮಾವನವರಿಗೆ ಸಮಾಧಾನ ಹೇಳಿ. ಆ 12 ಎಕರೆಯೂ ಈ 19 ಎಕರೆಯೂ ಬಹುಮಟ್ಟಿಗೆ ಒಂದೇ ಜಮೀನು. ಬದಲಾದದ್ದು ಅಳತೆಗೋಲು.

ಟಿಪ್ಪರೆರಿಯ ದಶಾಂಶ ಪುಸ್ತಕಗಳು ಐರಿಷ್ ಎಕರೆಯಲ್ಲಿ ಲೆಕ್ಕ ಬರೆದವು. ಒಂದು ಐರಿಷ್ ಎಕರೆಗೆ 7,840 ಚದರ ಗಜ. ಗ್ರಿಫಿತ್ ಬಳಸಿದ್ದು ನಾವು ಇಂದಿಗೂ ಬಳಸುವ 4,840 ಚದರ ಗಜದ ಎಕರೆ. ಅಂದರೆ ಒಂದು ಐರಿಷ್ ಎಕರೆ ಈಗಿನ 1.62 ಎಕರೆ. ನಿಮ್ಮ 12 ಅನ್ನು ಇದರಿಂದ ಗುಣಿಸಿದರೆ 19.44 ಬರುತ್ತದೆ. ನೀವು ಕಳಿಸಿದ ಚಿತ್ರದಲ್ಲಿ ಗ್ರಿಫಿತ್ ಸಾಲು 19-2-5 ಎನ್ನುತ್ತದೆ: 19 ಎಕರೆ, 2 ರೂಡ್, 5 ಪರ್ಚ್. ಎಕರೆಗೆ 4 ರೂಡ್, ರೂಡಿಗೆ 40 ಪರ್ಚ್. ನಮ್ಮ ಪಹಣಿ ಓದಿ ಅಭ್ಯಾಸವಿದ್ದವರಿಗೆ ಇದು ಸುಲಭ, ಏಕೆಂದರೆ ಒಂದು ರೂಡ್ ಸರಿಯಾಗಿ 10 ಗುಂಟೆ, ಒಂದು ಪರ್ಚ್ ಕಾಲು ಗುಂಟೆ. ಹಾಗಾಗಿ ದಶಾಂಶ ಪುಸ್ತಕದ ಜಮೀನು 19 ಎಕರೆ 17½ ಗುಂಟೆ, ಗ್ರಿಫಿತ್‌ನದು 19 ಎಕರೆ 21 ಗುಂಟೆ ಚಿಲ್ಲರೆ. ವ್ಯತ್ಯಾಸ ನಾಲ್ಕು ಗುಂಟೆಯೂ ಇಲ್ಲ. ಸರಪಳಿ ಹಿಡಿದು ಅಳೆದ ಕಾಲಕ್ಕೆ ಇದು ತೀರಾ ಹತ್ತಿರದ ಹೊಂದಿಕೆ.

ಇದನ್ನು ನೀವೇ ಪರೀಕ್ಷಿಸಬಹುದು. ದಶಾಂಶ ಪುಸ್ತಕದಲ್ಲಿ ಆ ಊರಿನ ಎಲ್ಲ ಹಿಡುವಳಿಗಳನ್ನು ಕೂಡಿಸಿ, ಗ್ರಿಫಿತ್‌ನ ಊರಿನ ಒಟ್ಟು ವಿಸ್ತೀರ್ಣದೊಂದಿಗೆ ಹೋಲಿಸಿ. ಅನುಪಾತ 1.62ರ ಸುತ್ತಮುತ್ತ ಬಂದರೆ ಐರಿಷ್ ಎಕರೆ ಖಚಿತ. ಗ್ರಿಫಿತ್‌ನದು ಅದಕ್ಕಿಂತ ಬಹಳ ಹೆಚ್ಚಾಗಿ ಕಂಡರೆ ಗಾಬರಿ ಬೇಡ. ಜೌಗು, ಬೆಟ್ಟ, ದಾರಿಗಳನ್ನು ದಶಾಂಶದವರು ಎಷ್ಟೋ ಕಡೆ ಲೆಕ್ಕಕ್ಕೆ ಹಿಡಿದಿಲ್ಲ. ಉತ್ತರದ ಅಲ್ಸ್ಟರ್ ಭಾಗದಲ್ಲಾದರೆ 6,250 ಚದರ ಗಜದ ಕನಿಂಗ್ಹ್ಯಾಮ್ ಎಕರೆಯೂ ಬಳಕೆಯಲ್ಲಿತ್ತು, ಅಲ್ಲಿ 1.62 ಹಾಕಿದರೆ ತಪ್ಪುತ್ತದೆ.

ಆದರೆ ಮಾವನವರ ಅಳುಕು ನೀಗಿತೆಂದು ಮುಂದಿನದನ್ನು ಮರೆಯಬೇಡಿ. ಈ ಥಾಮಸ್ ರಯಾನ್ ನಿಮ್ಮವರೇ ಎಂಬುದು ಇನ್ನೂ ಸಾಬೀತಾಗಿಲ್ಲ. ಅದೇ ನಿಮ್ಮ ನಿಜವಾದ ಸಮಸ್ಯೆ.

ಸುಟ್ಟದ್ದೇನು, ಉಳಿದದ್ದೇನು

ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಅಲ್ಲಿ ಬಹುತೇಕ ಬೂದಿಯಾದವು. ಆದರೆ ನಂತರದ ನಾಲ್ಕನ್ನು ನಾಶ ಮಾಡಿದ್ದು ಬೆಂಕಿಯಲ್ಲ, ಸರ್ಕಾರವೇ. 1861 ಮತ್ತು 1871ರ ಗಣತಿಪತ್ರಗಳನ್ನು ಲೆಕ್ಕ ಮುಗಿದ ಮೇಲೆ ಅಧಿಕೃತವಾಗಿಯೇ ವಿಲೇವಾರಿ ಮಾಡಿದರು. 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಕಾಗದವಾದವು. ಹೀಗೆ 1901ಕ್ಕಿಂತ ಹಿಂದಿನ ಇಡೀ ಶತಮಾನಕ್ಕೆ ಪೂರ್ಣ ಗಣತಿಯೇ ಇಲ್ಲ. ಆ ಖಾಲಿ ಜಾಗದಲ್ಲಿ ನಿಂತಿರುವುದು ಈ ಎರಡು ತೆರಿಗೆ ದಾಖಲೆಗಳು. ಗ್ರಿಫಿತ್‌ನದು ಅಚ್ಚಾದ ಪುಸ್ತಕ, ಪ್ರತಿಗಳು ಹಲವೆಡೆ ಇದ್ದವು, ಉಳಿಯಿತು. ದಶಾಂಶದ ಕೈಬರಹದ ಪುಸ್ತಕಗಳೂ ಆ ಬೆಂಕಿಗೆ ಸಿಗಲಿಲ್ಲ.

ಎರಡನೆಯ ಆಕ್ಷೇಪಕ್ಕೆ ಉತ್ತರ ಇನ್ನೂ ನೇರ. ದಶಾಂಶ ಹೋಗುತ್ತಿದ್ದದ್ದು ಪ್ರಾಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡಿಗೆ, ಕೊಡಬೇಕಾಗಿದ್ದದ್ದು ಜಮೀನು ಹಿಡಿದ ಎಲ್ಲರೂ, ಯಾವ ಮತದವರಾದರೂ. ತಾನು ಕಾಲಿಡದ ಚರ್ಚಿನ ಪಾದ್ರಿಗೆ ಕ್ಯಾಥೊಲಿಕ್ ರೈತ ಬೆಳೆಯ ಪಾಲು ಕೊಡಬೇಕಿತ್ತು. ಅದರ ಸಿಟ್ಟೇ 1831ರಲ್ಲಿ ಕಿಲ್ಕೆನಿಯ ಗ್ರೇಗ್ನಮ್ಯಾನಾದಲ್ಲಿ ಹೊತ್ತಿಕೊಂಡು ದಶಾಂಶ ಸಮರ ಎಂದು ಹೆಸರಾಯಿತು. ಆಗ ಕೊಡದೆ ಬಾಕಿ ಉಳಿಸಿಕೊಂಡವರ ಪಟ್ಟಿಗಳನ್ನು ಪಾದ್ರಿಗಳು ಸರ್ಕಾರಕ್ಕೆ ಸಲ್ಲಿಸಿದರು. ಕಿಲ್ಕೆನಿ, ಟಿಪ್ಪರೆರಿ ಕಡೆಯ ಎಷ್ಟೋ ಪಟ್ಟಿಗಳು ಉಳಿದಿವೆ. ಕೆಲವದರಲ್ಲಿ ಬಾಕಿದಾರನ ಕಸುಬು, ಅವನ ಬಗ್ಗೆ ಪಾದ್ರಿಯ ಟಿಪ್ಪಣಿಯೂ ಇರುತ್ತದೆ. ನಿಮ್ಮ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳ ಗುಂಪು) ಅದರಲ್ಲಿದೆಯೇ ನೋಡಿ.

ಈ ಪುಸ್ತಕಗಳು ಹುಟ್ಟಿದ್ದು 1823ರ ಕಾಯ್ದೆಯಿಂದ. ಅದಕ್ಕೆ ಮೊದಲು ದಶಾಂಶವನ್ನು ಧಾನ್ಯದಲ್ಲೋ, ವಸೂಲಿಗಾರರ ಜೊತೆ ಚೌಕಾಸಿ ಮಾಡಿ ಹಣದಲ್ಲೋ ತೀರಿಸುತ್ತಿದ್ದರು. ದನ ಮೇಯುವ ಹುಲ್ಲುಗಾವಲಿಗೆ 1735ರಿಂದ ವಿನಾಯಿತಿ ಇದ್ದುದರಿಂದ ಭಾರವೆಲ್ಲ ಉಳುವ ಬಡವನ ಮೇಲಿತ್ತು. ಹೊಸ ಕಾಯ್ದೆ ಹುಲ್ಲುಗಾವಲನ್ನೂ ಒಳಗೆ ತಂದಿತು, ಗೋಧಿ ಮತ್ತು ಓಟ್ಸ್‌ನ ಸರಾಸರಿ ಬೆಲೆ ಹಿಡಿದು ಹಣದ ಮೊತ್ತ ಗೊತ್ತುಮಾಡಿತು. ಜಮೀನನ್ನು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ವಿಂಗಡಿಸಿ ಯಾರಿಗೆ ಎಷ್ಟು ಎಂದು ಬರೆದದ್ದೇ ಈ ಹಂಚಿಕೆ ಪುಸ್ತಕ. ಮೊದಲು ಊರವರ ಒಪ್ಪಿಗೆಗೆ ಬಿಟ್ಟಿದ್ದರು, 1832ರಲ್ಲಿ ಕಡ್ಡಾಯ ಮಾಡಿದರು. ಹಾಗಾಗಿಯೇ ಒಂದು ಪ್ಯಾರಿಷಿನದು 1824ರದಾದರೆ ಪಕ್ಕದ್ದು 1834ರದಿರಬಹುದು. ಪುಸ್ತಕದ ಮೊದಲ ಹಾಳೆಯಲ್ಲಿ ದಿನಾಂಕ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಮೊದಲು ಬರೆದುಕೊಳ್ಳಿ. 1838ರಲ್ಲಿ ಮೊತ್ತವನ್ನು ಕಾಲುಭಾಗ ತಗ್ಗಿಸಿ ಜಮೀನುದಾರನ ಹೆಗಲಿಗೆ ದಾಟಿಸಿದ ಮೇಲೆ ಪಟ್ಟಿ ಬರೆಯುವ ಕೆಲಸ ನಿಂತಿತು.

ಈ ಪಟ್ಟಿಗಳಲ್ಲಿ ಯಾರು ಇಲ್ಲ ಎಂಬುದೂ ಗೊತ್ತಿರಲಿ. ಜಮೀನಿಲ್ಲದ ಕೂಲಿಗಳು, ಪಟ್ಟಣದವರು, ದಶಾಂಶ ವಿನಾಯಿತಿ ಇದ್ದ ಹಳೆಯ ಮಠದ ಜಮೀನುಗಳ ಒಕ್ಕಲುಗಳು ಇಲ್ಲ. ಹೆಂಗಸರು ಬರುವುದು ಹೆಚ್ಚಾಗಿ ವಿಧವೆಯಾಗಿದ್ದಾಗ ಮಾತ್ರ. ಹೆಂಡತಿ ಮಕ್ಕಳ ಸುಳಿವೇ ಇಲ್ಲ. 'ಥಾಮಸ್ ರಯಾನ್ ಅಂಡ್ ಕೋ' ಎಂದು ಕಂಡರೆ ಅದು ವ್ಯಾಪಾರದ ಕಂಪನಿಯಲ್ಲ, ಒಂದೇ ಜಮೀನನ್ನು ಹಂಚಿಕೊಂಡು ಉಳುತ್ತಿದ್ದ ಪಾಲುಗಾರರು. ಆ 'ಕೋ' ಎಂಬೆರಡು ಅಕ್ಷರದ ಹಿಂದೆ ಐದಾರು ಮನೆಗಳು ಅಡಗಿರುತ್ತವೆ, ನಿಮ್ಮವರೂ ಅಲ್ಲೇ ಇರಬಹುದು.

ಹೆಸರಿಗಿಂತ ಮೊದಲು ಊರು

ಟಿಪ್ಪರೆರಿಯಲ್ಲಿ ರಯಾನ್ ಎಂದು ಹುಡುಕುವುದು ಮಂಡ್ಯದಲ್ಲಿ ಗೌಡ ಎಂದು ಹುಡುಕಿದ ಹಾಗೆ. ಆ ಕೌಂಟಿಯಲ್ಲಿ ಅದಕ್ಕಿಂತ ಸಾಮಾನ್ಯ ಮನೆತನದ ಹೆಸರಿಲ್ಲ, ಡ್ವೈಯರ್ ಕೂಡ ಹೇರಳ. ಥಾಮಸ್ ರಯಾನ್‌ಗೂ ಬ್ರಿಜೆಟ್ ಡ್ವೈಯರ್‌ಗೂ ಮದುವೆಯಾದ ಜೋಡಿಗಳು ಒಂದಕ್ಕಿಂತ ಹೆಚ್ಚು ಸಿಕ್ಕರೆ ಆಶ್ಚರ್ಯವಿಲ್ಲ. ನೀವು ಹೆಸರಿನಿಂದ ಶುರುಮಾಡಿ ಊರಿಗೆ ಬಂದಿದ್ದೀರಿ. ಇದನ್ನು ತಿರುಗಿಸಬೇಕು.

ಇಲ್ಲಿ ಊರು ಎಂದರೆ ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದ್ದರೂ ಪಟ್ಟಣವಲ್ಲ. ನಮ್ಮ ಕಂದಾಯ ಗ್ರಾಮದಂತೆ ಗಡಿಯಿರುವ ನೆಲದ ತುಂಡು, ಆದರೆ ಬಲು ಚಿಕ್ಕದು. ಇಡೀ ದ್ವೀಪದಲ್ಲಿ 60,000ಕ್ಕೂ ಹೆಚ್ಚಿವೆ. ಹಲವು ಟೌನ್‌ಲ್ಯಾಂಡ್ ಸೇರಿ ಸಿವಿಲ್ ಪ್ಯಾರಿಷ್, ಅವು ಸೇರಿ ಬ್ಯಾರನಿ, ಮೇಲೆ ಕೌಂಟಿ. ಎಡವುವ ಜಾಗ ಇಲ್ಲಿದೆ: ದಶಾಂಶ ಮತ್ತು ಗ್ರಿಫಿತ್ ದಾಖಲೆಗಳು ಸಿವಿಲ್ ಪ್ಯಾರಿಷಿನಂತೆ ಜೋಡಣೆಯಾಗಿವೆ, ಬ್ಯಾಪ್ಟಿಸಂ ದಾಖಲೆ ಇರುವುದು ಕ್ಯಾಥೊಲಿಕ್ ಪ್ಯಾರಿಷಿನಲ್ಲಿ. ಎರಡರ ಗಡಿ ಬೇರೆ, ಹೆಸರೂ ಎಷ್ಟೋ ಸಲ ಬೇರೆ. ಒಂದು ಕ್ಯಾಥೊಲಿಕ್ ಪ್ಯಾರಿಷ್ ಮೂರು ನಾಲ್ಕು ಸಿವಿಲ್ ಪ್ಯಾರಿಷ್‌ಗಳ ಮೇಲೆ ಹರಡಿರಬಹುದು.

ಊರಿನ ಹೆಸರು ಐರ್ಲೆಂಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ನಿಮ್ಮ ಬಾಸ್ಟನ್ನಿನಲ್ಲೇ ಸಿಗಬೇಕು. ಮ್ಯಾಸಚುಸೆಟ್ಸ್ ರಾಜ್ಯ ಜನನ, ಮದುವೆ, ಮರಣಗಳನ್ನು 1841ರಿಂದಲೇ ನೋಂದಾಯಿಸುತ್ತಿದೆ. ಮೈಕೆಲ್‌ನ ಕಾಗದಗಳಲ್ಲಿ ಊರಿಲ್ಲದಿದ್ದರೆ ಅವನ ಅಣ್ಣತಮ್ಮ, ಅಕ್ಕತಂಗಿಯರ ಕಾಗದ ತೆಗೆಸಿ. ಅವನ ಮಕ್ಕಳ ಬ್ಯಾಪ್ಟಿಸಂಗೆ ನಿಂತ ಜ್ಞಾನ ತಂದೆತಾಯಿಯರು ಯಾರು ನೋಡಿ, ಅವರು ಬಹುಪಾಲು ಅದೇ ಊರಿನ ನೆಂಟರು. ಬಾಸ್ಟನ್ನಿನ 'ಪೈಲಟ್' ಪತ್ರಿಕೆಯಲ್ಲಿ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಬರುತ್ತಿತ್ತು. ಅವುಗಳಲ್ಲಿ ಪ್ಯಾರಿಷ್ ಮತ್ತು ಟೌನ್‌ಲ್ಯಾಂಡ್ ಬರೆಯುವ ರೂಢಿಯಿತ್ತು. ಈ ಕೆಲಸಕ್ಕೆ ತಿಂಗಳುಗಳು ಹಿಡಿಯಬಹುದು, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ಹೆಚ್ಚಾಗಿ ಬೇರೆಯವರ ಅಜ್ಜನನ್ನು ಮನೆಗೆ ಕರೆತರುತ್ತಾರೆ.

ಊರು ಸಿಕ್ಕಿತೆನ್ನಿ. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಜಾಲತಾಣದಲ್ಲಿ 26 ಕೌಂಟಿಗಳ ದಶಾಂಶ ಪುಸ್ತಕಗಳು ಉಚಿತ. ಉತ್ತರ ಐರ್ಲೆಂಡಿನ ಆರು ಕೌಂಟಿಗಳವು ಬೆಲ್‌ಫಾಸ್ಟಿನ ದಾಖಲೆ ಕಚೇರಿಯಲ್ಲಿವೆ. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ಕೌಂಟಿ, ಪ್ಯಾರಿಷ್, ಟೌನ್‌ಲ್ಯಾಂಡ್ ಎಂದು ಒಂದೊಂದೇ ಮೆಟ್ಟಿಲು ಇಳಿಯಿರಿ. ಸೂಚಿ ತಯಾರಿಸಿದವರು ಹಳೆಯ ಕೈಬರಹವನ್ನು ಸಾಕಷ್ಟು ತಪ್ಪು ಓದಿದ್ದಾರೆ, ಹಾಗಾಗಿ ಮೂಲ ಹಾಳೆಯ ಚಿತ್ರವನ್ನೇ ಓದಬೇಕು. ಊರೇ ಕಾಣದಿದ್ದರೆ ಕಾರಣ ಹೀಗಿರುತ್ತದೆ: ಇಂದಿನ ಕಾಗುಣಿತಗಳನ್ನು ಗೊತ್ತುಮಾಡಿದ್ದು ಆರ್ಡ್‌ನೆನ್ಸ್ ಸರ್ವೆ. ಅದು 1824ರಲ್ಲಿ ಆರಂಭವಾಗಿ 1846ರವರೆಗೆ ನಡೆಯಿತು. ದಶಾಂಶದ ಗುಮಾಸ್ತ ಅದಕ್ಕೆ ಮೊದಲೇ, ಐರಿಷ್ ಭಾಷೆಯ ಹೆಸರನ್ನು ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ. ಜೊತೆಗೆ ಸರ್ವೆಯವರು ಎಷ್ಟೋ ಚಿಕ್ಕ ಹೆಸರುಗಳನ್ನು ದೊಡ್ಡದರಲ್ಲಿ ಸೇರಿಸಿಬಿಟ್ಟರು. ಆಗ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ, ಪುಸ್ತಕದಲ್ಲಿ ಹಿಂದುಮುಂದಿನ ಊರುಗಳು ಯಾವುವು ಗಮನಿಸಿ. ಹಳೆಯ ರೂಪಗಳಿಗೆ ಲೊಗಾನಿಮ್ ಎಂಬ ಸ್ಥಳನಾಮ ತಾಣ ಒಳ್ಳೆಯ ಕೈಪಿಡಿ.

ಗ್ರಿಫಿತ್ ಸಾಲನ್ನು ಓದುವುದು

ರಿಚರ್ಡ್ ಗ್ರಿಫಿತ್ ಭೂವಿಜ್ಞಾನಿ. 1847ರಿಂದ 1864ರವರೆಗೆ ಇಡೀ ದೇಶದ ಹಿಡುವಳಿಗಳಿಗೆ ಅವರು ಬೆಲೆ ಕಟ್ಟಿಸಿದ್ದು ಬಡವರ ಪರಿಹಾರ ತೆರಿಗೆ ಮುಂತಾದವನ್ನು ಹಾಕಲು. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ನಕ್ಷೆ ಸಮೇತ ಉಚಿತವಾಗಿ ಸಿಗುತ್ತದೆ.

ಎಡತುದಿಯ ಅಂಕಿ ನಮ್ಮ ಸರ್ವೆ ನಂಬರಿನಂತೆ. ಪಕ್ಕದಲ್ಲಿ ದೊಡ್ಡಕ್ಷರ ಎ, ಬಿ ಇದ್ದರೆ ಒಬ್ಬನದೇ ಜಮೀನು ತುಂಡುತುಂಡಾಗಿ ಬೇರೆಬೇರೆ ಕಡೆ ಇದೆ ಎಂದರ್ಥ. ಚಿಕ್ಕಕ್ಷರ ಇದ್ದರೆ ಆ ಹಿಡುವಳಿಯಲ್ಲಿರುವ ಮನೆಗಳು. 7ಎ ಮೈಕೆಲ್, 7ಬಿ ಇನ್ನೊಬ್ಬ ಎಂದು ಚಿಕ್ಕಕ್ಷರದಲ್ಲಿದ್ದರೆ ಎರಡನೆಯವನು ಬಹುಶಃ ಗುಡಿಸಲು ಹಾಕಿಕೊಂಡ ಕೂಲಿ. ಹಲವು ಹೆಸರುಗಳಿಗೆ ಒಂದೇ ಆವರಣ ಚಿಹ್ನೆ ಹಾಕಿದ್ದರೆ ಅದು ಜಂಟಿ ಹಿಡುವಳಿ.

'ಇಮೀಡಿಯೆಟ್ ಲೆಸರ್' ಕಾಲಮ್ಮಿನಲ್ಲಿರುವವನು ಗೇಣಿ ಪಡೆಯುವವನು, ಅವನೇ ಮೇಲಿನ ಭೂಮಾಲೀಕ ಆಗಬೇಕೆಂದಿಲ್ಲ. ನಡುವೆ ಒಳಗೇಣಿಗೆ ಕೊಟ್ಟ ದಲ್ಲಾಳಿ ಇರಬಹುದು, ಪಕ್ಕದ ಮನೆಯ ರೈತನೇ ಇರಬಹುದು. ಅಲ್ಲಿ 'ಇನ್ ಫೀ' ಎಂದಿದ್ದರೆ ಮಾತ್ರ ಹಿಡುವಳಿದಾರನೇ ಒಡೆಯ. ನಿಮ್ಮ ಥಾಮಸ್ ಗೇಣಿದಾರ, 19 ಎಕರೆ ಅವನ ಸ್ವಂತದ್ದಲ್ಲ. 'ಹೌಸ್, ಆಫೀಸಸ್ ಅಂಡ್ ಲ್ಯಾಂಡ್' ಎಂಬುದನ್ನು ಓದಿ ಮುತ್ತಾತ ಕಚೇರಿ ಇಟ್ಟಿದ್ದ ಎಂದು ಹಿಗ್ಗುವವರಿದ್ದಾರೆ. ಆ ಆಫೀಸ್ ಎಂದರೆ ಕೊಟ್ಟಿಗೆ, ಕಣಜ, ಹಂದಿಗೂಡು.

ನಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ತಾಣದಲ್ಲಿರುವ ನಕ್ಷೆಗಳು ಎಷ್ಟೋ ಊರುಗಳಿಗೆ ಅಚ್ಚಾದ ಪುಸ್ತಕಕ್ಕಿಂತ ನಂತರದ ಪರಿಷ್ಕರಣೆಯವು. ಪುಸ್ತಕದ 7ನೇ ನಂಬರು ನಕ್ಷೆಯ 7ಕ್ಕೆ ಹೊಂದದೆ ಹೋಗಬಹುದು. ವಿಸ್ತೀರ್ಣ ತಾಳೆ ನೋಡದೆ ಐರ್ಲೆಂಡಿಗೆ ಹೋಗಿ ಯಾವುದೋ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಡಿ.

ಒಂದೇ ಊರಿನಲ್ಲಿ ಮೂವರು ಥಾಮಸ್ ರಯಾನ್ ಇದ್ದರೆ ಗ್ರಿಫಿತ್‌ನವರೇ ಒಂದು ಉಪಾಯ ಮಾಡಿದ್ದಾರೆ. 'ಥಾಮಸ್ ರಯಾನ್ (ಮೈಕೆಲ್)' ಎಂದಿದ್ದರೆ ಮೈಕೆಲ್‌ನ ಮಗ ಥಾಮಸ್. '(ಬಾನ್)' ಎಂದಿದ್ದರೆ ಬೆಳ್ಳಗಿನ ಕೂದಲಿನವನು ಅಥವಾ ಆ ಅಡ್ಡಹೆಸರಿನ ಮನೆಯವನು. 'ಸೀನಿಯರ್', 'ಜೂನಿಯರ್' ಎಂದಿದ್ದರೆ ತಂದೆ ಮಗ ಎಂದು ತೀರ್ಮಾನಿಸಬೇಡಿ, ಊರಿನ ಇಬ್ಬರಲ್ಲಿ ದೊಡ್ಡವನು, ಚಿಕ್ಕವನು ಎಂದಷ್ಟೇ ಇರಬಹುದು.

1827ರ ಥಾಮಸ್ಸೇ 1850ರ ಥಾಮಸ್ಸೇ?

ವಿಸ್ತೀರ್ಣ ಹೊಂದಿದ್ದು ಜಮೀನು ಒಂದೇ ಎಂಬುದಕ್ಕೆ ಬಲವಾದ ಸಾಕ್ಷಿ. ಮನುಷ್ಯ ಒಬ್ಬನೇ ಎಂಬುದಕ್ಕಲ್ಲ. 23 ವರ್ಷದಲ್ಲಿ ತಂದೆ ಥಾಮಸ್ ಹೋಗಿ ಮಗ ಥಾಮಸ್ ಬಂದಿರಬಹುದು, ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆ ಅಲ್ಲೂ ಗಟ್ಟಿಯಾಗಿತ್ತು. ನಡುವೆ ಮಹಾಕ್ಷಾಮವಿದೆ: 1841ರಲ್ಲಿ ಸುಮಾರು 81.75 ಲಕ್ಷ ಇದ್ದ ಜನಸಂಖ್ಯೆ 1851ಕ್ಕೆ 65.5 ಲಕ್ಷ. ಕಾಲು ಎಕರೆಗಿಂತ ಹೆಚ್ಚು, ನಮ್ಮ ಲೆಕ್ಕದಲ್ಲಿ 10 ಗುಂಟೆಗಿಂತ ಹೆಚ್ಚು, ಹಿಡಿದವರಿಗೆ ಸರ್ಕಾರದ ಪರಿಹಾರವಿಲ್ಲ ಎಂದು 1847ರಲ್ಲಿ ನಿಯಮ ಮಾಡಿದಾಗ ಗಂಜಿಗಾಗಿ ಜಮೀನು ಬಿಟ್ಟುಕೊಟ್ಟವರು ಅಸಂಖ್ಯ. 4 ಪೌಂಡ್‌ವರೆಗಿನ ಹಿಡುವಳಿಗಳ ತೆರಿಗೆ ಜಮೀನುದಾರನೇ ಕಟ್ಟಬೇಕಿದ್ದುದರಿಂದ ಚಿಕ್ಕ ಒಕ್ಕಲುಗಳನ್ನು ಎಬ್ಬಿಸುವುದೇ ಅವನಿಗೆ ಲಾಭವಾಯಿತು. ಗ್ರಿಫಿತ್‌ನಲ್ಲಿ ಹೆಸರಿಲ್ಲದವರು ಊರಲ್ಲಿ ಎಂದೂ ಇರಲೇ ಇಲ್ಲ ಎಂದಲ್ಲ, ಪುಸ್ತಕ ಬರೆಯುವ ಹೊತ್ತಿಗೆ ಇರಲಿಲ್ಲ ಎಂದಷ್ಟೇ.

ನಡುವಿನ ಕಂದಕ ದಾಟಲು ಎರಡು ಸೇತುವೆಗಳಿವೆ. ಒಂದು, ಗ್ರಿಫಿತ್ ಅಚ್ಚಾಗುವ ಮುಂಚಿನ ಕೈಬರಹದ ಟಿಪ್ಪಣಿ ಪುಸ್ತಕಗಳು. ಮನೆ ಪುಸ್ತಕದಲ್ಲಿ ಮನೆಯ ಉದ್ದ, ಅಗಲ, ಎತ್ತರವೂ ಎಷ್ಟು ಹಳತು ಎಂಬ ದರ್ಜೆಯ ಅಕ್ಷರವೂ ಇರುತ್ತವೆ. ಗೇಣಿ ಪುಸ್ತಕದಲ್ಲಿ ಗೇಣಿ ಕರಾರಿನ ವರ್ಷ ಮತ್ತು ಬಗೆ. ಹೆಚ್ಚಿನವರು ದಕ್ಷಿಣ ಕನ್ನಡದ ಚಾಲಗೇಣಿಯಂತೆ ಕರಾರಿಲ್ಲದೆ ವರ್ಷದಿಂದ ವರ್ಷಕ್ಕೆ ಹಿಡಿದವರು. ಕೆಲವರದು 'ಮೂರು ಜೀವಗಳ ಗೇಣಿ', ಅಂದರೆ ಹೆಸರಿಸಿದ ಮೂವರಲ್ಲಿ ಕೊನೆಯವರು ಸಾಯುವವರೆಗೆ. ಆ ಮೂವರು ಎಷ್ಟೋ ಸಲ ಗೇಣಿದಾರನ ಮಕ್ಕಳೇ. ಕರಾರು ಪತ್ರ ಜಮೀನುದಾರನ ಕಾಗದಗಳಲ್ಲಿ ಉಳಿದಿದ್ದರೆ ನಿಮಗೆ ಅದು ನಿಧಿ. ಈ ಟಿಪ್ಪಣಿ ಪುಸ್ತಕಗಳೂ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿವೆ, ಎಲ್ಲ ಊರಿಗೂ ಉಳಿದಿಲ್ಲ.

ಇನ್ನೊಂದು, 1850ರ ನಂತರದ ಪರಿಷ್ಕರಣ ಪುಸ್ತಕಗಳು. ನಮ್ಮ ಮ್ಯುಟೇಶನ್ ವಹಿಯ ಹಾಗೆ, ಹಿಡುವಳಿದಾರ ಬದಲಾದಾಗ ಹಳೆಯ ಹೆಸರು ಹೊಡೆದು ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು, ಬದಿಯಲ್ಲಿ ವರ್ಷ. ಡಬ್ಲಿನ್ನಿನ ಟೈಲ್ತೆ ಏರನ್ ಸಂಸ್ಥೆಯಲ್ಲಿವೆ, ಶುಲ್ಕ ಕೊಟ್ಟು ಪ್ರತಿ ಪಡೆಯಬಹುದು. ಥಾಮಸ್ ಹೋಗಿ, ಹೇಳಿ, ಪ್ಯಾಟ್ರಿಕ್ ಬಂದ ವರ್ಷದ ಆಚೀಚೆ ಮರಣ ದಾಖಲೆ ಹುಡುಕಿ. 1864ರಿಂದ ಎಲ್ಲರ ನೋಂದಣಿಯಿದೆ, ಐರಿಷ್ ಜೀನಿಯಾಲಜಿ ತಾಣದಲ್ಲಿ ಉಚಿತ. ಹೊಸ ಹೆಸರು ಸಾವಾದ ಎಷ್ಟೋ ವರ್ಷದ ನಂತರ ದಾಖಲಾದದ್ದೂ ಇದೆ, ಹತ್ತು ವರ್ಷ ಹಿಂದಕ್ಕೂ ನೋಡಿ. 'ಎಲ್ಎಪಿ' ಮುದ್ರೆ ಕಂಡರೆ ಭೂ ಕಾಯ್ದೆಯಡಿ ಗೇಣಿದಾರ ಜಮೀನು ಕೊಂಡ ಎಂದು. ಅಲ್ಲಿಂದ 1901ರ ಗಣತಿಗೆ ಒಂದೇ ಹೆಜ್ಜೆ, ಊರಲ್ಲೇ ಉಳಿದ ಬಂಧುಗಳು ಅಲ್ಲಿ ಸಿಗುತ್ತಾರೆ.

ಇಷ್ಟೆಲ್ಲ ಜೋಡಿಸಿದರೂ ಮೈಕೆಲ್‌ನನ್ನು ಥಾಮಸ್‌ಗೆ ಕಟ್ಟುವ ಗಂಟು ಬ್ಯಾಪ್ಟಿಸಂ ದಾಖಲೆಯೇ. ಕ್ಯಾಥೊಲಿಕ್ ರಿಜಿಸ್ಟರುಗಳ ಚಿತ್ರಗಳನ್ನು ಐರ್ಲೆಂಡಿನ ನ್ಯಾಷನಲ್ ಲೈಬ್ರರಿ 2015ರಿಂದ ಉಚಿತವಾಗಿ ಕೊಟ್ಟಿದೆ. ಲ್ಯಾಟಿನ್ ಬರಹಕ್ಕೆ ಹೆದರಬೇಡಿ, ಹೆಸರುಗಳು ಗುರುತು ಸಿಗುತ್ತವೆ. ಮೈಕೆಲ್, ತಂದೆ ಥಾಮಸ್, ತಾಯಿ ಬ್ರಿಜೆಟ್ ಡ್ವೈಯರ್, ಮತ್ತು ಅದೇ ಟೌನ್‌ಲ್ಯಾಂಡ್: ಈ ನಾಲ್ಕೂ ಒಂದೇ ಸಾಲಿನಲ್ಲಿ ಬರಬೇಕು. ಅಲ್ಲಿ ಟೌನ್‌ಲ್ಯಾಂಡ್ ಬರೆದಿಲ್ಲದಿದ್ದರೆ ಅದೇ ದಂಪತಿಯ ಬೇರೆ ಮಕ್ಕಳ ಸಾಲುಗಳನ್ನು ನೋಡಿ.

900 ಡಾಲರಿನ ಮಾತಿಗೆ ಬರೋಣ. ಊರು ಗೊತ್ತಿಲ್ಲದ ರಯಾನ್‌ಗೆ 'ಪೂರ್ತಿ ವಂಶವೃಕ್ಷ' ಎಂದು ಮೊದಲೇ ಮಾತು ಕೊಡುವವರನ್ನು ನಾನಾದರೆ ನಂಬುವುದಿಲ್ಲ. ಅವರು ನಿಮ್ಮ ಹಾಗೆಯೇ ಹೆಸರಿಂದ ಊರಿಗೆ ಹೋಗುತ್ತಾರೆ, ವ್ಯತ್ಯಾಸ ಚಂದದ ಮುದ್ರಣ ಮಾತ್ರ. ಪ್ಯಾರಿಷ್ ತಿಳಿದ ಮೇಲೆ ರೂಟ್ಸ್ ಐರ್ಲೆಂಡ್ ಎಂಬ ವಂಶದಾಖಲೆ ತಾಣಕ್ಕೆ ಒಂದು ತಿಂಗಳ ಚಂದಾ ಕಟ್ಟಿ ಆ ಪ್ಯಾರಿಷಿನ ರಯಾನ್-ಡ್ವೈಯರ್ ಮದುವೆಗಳನ್ನೆಲ್ಲ ಇಳಿಸಿಕೊಳ್ಳುವುದು ಅಗ್ಗ. ಡಿಎನ್ಎ ಪರೀಕ್ಷೆ ಮಾಡಿಸುವುದಾದರೆ ಮಾವನವರದ್ದು ಮಾಡಿಸಿ, ಒಂದು ತಲೆಮಾರು ಹತ್ತಿರ. ಆದರೆ ಅದು ಬಂಧುವನ್ನು ತೋರಿಸುತ್ತದೆ, ಬಂಧುತ್ವದ ದಾರಿಯನ್ನಲ್ಲ. ದಾರಿಗೆ ಮತ್ತೆ ಇದೇ ಕಾಗದಗಳು ಬೇಕು. ಹಣ ಕೊಟ್ಟೇ ಹುಡುಕಿಸುವುದಾದರೆ ಗಂಟೆ ಲೆಕ್ಕದಲ್ಲಿ ಕೆಲಸ ಮಾಡುವ, ಮಾನ್ಯತೆ ಪಡೆದ ಸಂಶೋಧಕರಿಗೆ ಒಂದೇ ಪ್ರಶ್ನೆ ಕೊಡಿ: ಈ ಪ್ಯಾರಿಷಿನಲ್ಲಿ ಈ ಜೋಡಿ ಎಷ್ಟು, ಅವರಲ್ಲಿ ಈ ಹಿಡುವಳಿಯವರು ಯಾರು? ಯಾವ ಪುಸ್ತಕ ನೋಡಿದರು, ಯಾವುದರಲ್ಲಿ ಏನೂ ಸಿಗಲಿಲ್ಲ ಎಂಬ ಪಟ್ಟಿಯೂ ವರದಿಯಲ್ಲಿರಬೇಕೆಂದು ಮೊದಲೇ ಬರೆಸಿಕೊಳ್ಳಿ.